ವರ್ಷಕ್ಕೆ ಎಷ್ಟು ಹಾರಿಸುತ್ತೀರಿ? ರಾಕೆಟ್ ಕಂಪನಿ ಕಟ್ಟುವವರ ಮುಂದಿರುವ ದಾರಿಗಳ ಹೋಲಿಕೆ

ಹೊಸೂರಿನ ಬಾಗಲೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ನನ್ನದೊಂದು ಜಾಬ್ ವರ್ಕ್ ಶೆಡ್ ಇದೆ. ನಾಲ್ಕು ಸಿಎನ್‌ಸಿ ಯಂತ್ರ, ಎರಡು ಹಳೆಯ ಲೇಥ್, ಇನ್ನೂ ಸಾಲ ತೀರದ ಒಂದು ಅಳತೆ ಯಂತ್ರ. ನಮಗೆ ಅನ್ನ ಹಾಕುವುದು ಬೈಕಿನ ಬಿಡಿಭಾಗಗಳು. ನಡುನಡುವೆ, ವರ್ಷಕ್ಕೆ ನಾಲ್ಕಾರು ಸಲ, ರಾಕೆಟ್ ಭಾಗಗಳ ಡ್ರಾಯಿಂಗ್ ಕೂಡ ಬರುತ್ತದೆ. ಆ ದಿನ ಹುಡುಗರು ಸ್ವಲ್ಪ ಎದೆಯುಬ್ಬಿಸಿ ಓಡಾಡುತ್ತಾರೆ, ನಾನು ಸ್ವಲ್ಪ ಹೆದರಿಕೊಂಡು ಓಡಾಡುತ್ತೇನೆ.

ಯುಗಾದಿಗೆ ಬಂದಿದ್ದ ಅಕ್ಕನ ಮಗಳು ಒಬ್ಬಟ್ಟಿನ ಕೈ ತೊಳೆದವಳೇ ಲ್ಯಾಪ್‌ಟಾಪ್ ಬಿಚ್ಚಿದಳು. "ಮಾವ, ನಾವು ಮೂವರು ಕೆಲಸ ಬಿಟ್ಟು ಉಡಾವಣಾ ಕಂಪನಿ ತೆರೆಯುತ್ತಿದ್ದೇವೆ. ಒಮ್ಮೆ ನೋಡಿ" ಎಂದಳು. ಮೂವತ್ತೆರಡು ಪುಟಗಳಿದ್ದವು. ಮೂವತ್ತೊಂದರಲ್ಲಿ ಎಂಜಿನ್, ಒಂದರಲ್ಲಿ ಗ್ರಾಹಕ. ನಾನು ಕೇಳಿದ್ದು ಒಂದೇ ಮಾತು: "ವರ್ಷಕ್ಕೆ ಎಷ್ಟು ಹಾರಿಸುತ್ತೀಯಮ್ಮ?" ಅವಳು ನಕ್ಕಳು. "ಮೊದಲು ಒಂದು ಹಾರಲಿ ಬಿಡಿ ಮಾವ."

ಒಂದು ಹಾರುವುದು ಎಂಜಿನಿಯರಿಂಗ್. ವರ್ಷಕ್ಕೆ ಎಷ್ಟು ಎಂಬುದು ವ್ಯಾಪಾರ. ಅಂದು ರಾತ್ರಿ ಜಗಲಿಯಲ್ಲಿ ಅವಳಿಗೆ ಹೇಳಿದ್ದನ್ನೂ ಅವಳು ನನಗೆ ತಿದ್ದಿ ಹೇಳಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಇಂಥ ಕಂಪನಿ ಕಟ್ಟುವವರಿಗೂ, ಅದಕ್ಕೆ ಹಣ ಹಾಕುವವರಿಗೂ, ನನ್ನ ಹಾಗೆ ಭಾಗ ಮಾಡಿಕೊಟ್ಟು ಬಿಲ್ಲಿಗೆ ಕಾಯುವವರಿಗೂ ಇದು ಉಪಯೋಗಕ್ಕೆ ಬರಬಹುದು.

ನಿಂತ ಯಂತ್ರದ ಬಡ್ಡಿ

ಶೆಡ್ಡಿನಲ್ಲಿ ಯಂತ್ರ ಓಡಿದರೂ ನಿಂತರೂ ಬ್ಯಾಂಕಿನ ಕಂತು ತಿಂಗಳ ಐದನೇ ತಾರೀಖಿಗೆ ಬಂದೇ ಬರುತ್ತದೆ. ರಾಕೆಟ್ ಕಂಪನಿಗೂ ಅಷ್ಟೇ. ಇನ್ನೂರು ಮುನ್ನೂರು ಎಂಜಿನಿಯರುಗಳ ಸಂಬಳ, ಪರೀಕ್ಷಾ ಅಂಗಳ, ಜೋಡಣೆಯ ಕಟ್ಟಡ, ಲಾಂಚ್‌ಪ್ಯಾಡ್, ವಿಮೆ ಎಲ್ಲವೂ ರಾಕೆಟ್ ಹಾರಿದರೂ ಹಾರದಿದ್ದರೂ ನಡೆಯಬೇಕಾದ ಖರ್ಚು.

ಲೆಕ್ಕಕ್ಕೆಂದು ನಾನೇ ಹಿಡಿದ ಅಂಕಿಗಳು ಇವು, ಯಾವ ಕಂಪನಿಯವೂ ಅಲ್ಲ. ವರ್ಷದ ನಿಗದಿತ ಖರ್ಚು 120 ಕೋಟಿ ರೂಪಾಯಿ, ಒಂದೊಂದು ರಾಕೆಟ್ ಮಾಡಲು ಬೇರೆ 25 ಕೋಟಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಎರಡು ಹಾರಿದರೆ ಒಂದರ ಅಸಲು 85 ಕೋಟಿ. ನಾಲ್ಕು ಹಾರಿದರೆ 55, ಹನ್ನೆರಡು ಹಾರಿದರೆ 35. ರಾಕೆಟ್ ಅದೇ, ಎಂಜಿನ್ ಅದೇ, ಬದಲಾದದ್ದು ಕ್ಯಾಲೆಂಡರ್ ಮಾತ್ರ. ಮಾರುಕಟ್ಟೆಯಲ್ಲಿ ಈ ಗಾತ್ರದ ರಾಕೆಟ್ಟಿಗೆ ಸಿಗುವ ಬೆಲೆ ಎಷ್ಟು? ರಾಕೆಟ್ ಲ್ಯಾಬ್ ಕಂಪನಿಯ ಎಲೆಕ್ಟ್ರಾನ್ ಸುಮಾರು 300 ಕೆಜಿ ಹೊರುತ್ತದೆ, ಬೆಲೆ ಕೆಲವು ವರ್ಷಗಳ ಹಿಂದೆಯೇ ಸುಮಾರು 75 ಲಕ್ಷ ಡಾಲರ್ ಇತ್ತು, ಅಂದರೆ ಅರವತ್ತು ಕೋಟಿ ರೂಪಾಯಿಗೂ ಮೇಲೆ. ನನ್ನ ಲೆಕ್ಕ ಅರ್ಧಂಬರ್ಧ ನಿಜವಾಗಿದ್ದರೂ, ವರ್ಷಕ್ಕೆ ಎರಡೇ ಹಾರಿಸುವವರು ಪ್ರತಿ ಯಶಸ್ಸಿನಲ್ಲೂ ನಷ್ಟ ಮಾಡಿಕೊಳ್ಳುತ್ತಾರೆ.

ವರ್ಜಿನ್ ಆರ್ಬಿಟ್ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಬೋಯಿಂಗ್ 747 ವಿಮಾನದ ರೆಕ್ಕೆಯಡಿ ರಾಕೆಟ್ ಕಟ್ಟಿಕೊಂಡು ಹೋಗಿ ಆಕಾಶದಿಂದಲೇ ಹಾರಿಸುತ್ತಿದ್ದರು. ಒಟ್ಟು ಆರು ಪ್ರಯತ್ನ, ನಾಲ್ಕು ಯಶಸ್ಸು. ಹೊಸಬರಿಗೆ ಅದು ಕೆಟ್ಟ ಅಂಕವಲ್ಲ. ಆದರೆ 2022ರ ಇಡೀ ವರ್ಷದಲ್ಲಿ ಹಾರಿದ್ದು ಎರಡು. 2023ರ ಜನವರಿಯಲ್ಲಿ ಬ್ರಿಟನ್ನಿನ ಕಾರ್ನ್‌ವಾಲ್‌ನಿಂದ ಹೊರಟದ್ದು ಕಕ್ಷೆ ಮುಟ್ಟಲಿಲ್ಲ, ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆ ಕೊನೆಯ ಸೋಲು ಇಲ್ಲದಿದ್ದರೂ ವರ್ಷಕ್ಕೆ ಎರಡರ ಲೆಕ್ಕದಲ್ಲಿ ಅದು ಹೆಚ್ಚು ದಿನ ಉಳಿಯುತ್ತಿತ್ತು ಎಂದು ನನಗೆ ಅನಿಸುವುದಿಲ್ಲ.

ಹಾಗೆಂದು ಸಂಖ್ಯೆಯ ಹಿಂದೆ ಕುರುಡಾಗಿ ಓಡಿದರೂ ಆಗದು. ಅಮೆರಿಕದ ಆಸ್ಟ್ರಾ ದಿನಕ್ಕೊಂದು ಉಡಾವಣೆಯ ಕನಸನ್ನೇ ಷೇರುಪೇಟೆಗೆ ಮಾರಿತು. ಅಗ್ಗದ, ಸರಳವಾದ, ಪುಟ್ಟ ರಾಕೆಟ್. 2021ರ ಆಗಸ್ಟ್‌ನಲ್ಲಿ ಅದರ ಒಂದು ರಾಕೆಟ್ ಎಂಜಿನ್ ಕೈಕೊಟ್ಟು ನೆಲದ ಮೇಲೆಯೇ ಅಡ್ಡಡ್ಡ ಸರಿದು ಹೋಗಿ, ಬೇಲಿ ದಾಟಿ, ಆಮೇಲೆ ಮೇಲೇರಿದ ವಿಡಿಯೊ ನೀವೂ ನೋಡಿರಬಹುದು. ಎರಡು ಸಲ ಕಕ್ಷೆ ಮುಟ್ಟಿತು, ಹಲವು ಸಲ ಬಿತ್ತು. 2024ರಲ್ಲಿ ಷೇರಿಗೆ ಅರ್ಧ ಡಾಲರ್‌ನಂತೆ ಸ್ಥಾಪಕರೇ ಕೊಂಡು ಷೇರುಪೇಟೆಯಿಂದ ಹೊರಗೆ ತಂದರು.

ಸಂಖ್ಯೆ ಮತ್ತು ಗುಣಮಟ್ಟ ಎರಡನ್ನೂ ಹಿಡಿದವರು ರಾಕೆಟ್ ಲ್ಯಾಬ್. ಅವರೂ 2006ರಲ್ಲಿ ಶುರುಮಾಡಿ ಕಕ್ಷೆ ಮುಟ್ಟಿದ್ದು 2018ರ ಜನವರಿಯಲ್ಲಿ. 2024ರಲ್ಲಿ ಹದಿನಾರು ಸಲ ಹಾರಿಸಿದರು. ಅಕ್ಕನ ಮಗಳ ಪುಟಗಳಲ್ಲಿ ಕಕ್ಷೆಗೆ ಮೂರು ವರ್ಷ ಎಂದಿತ್ತು.

ಹೂವಿನ ಟೆಂಪೊ ಮತ್ತು ಸ್ವಂತ ಗಾಡಿ

ಮೊದಲ ಆಯ್ಕೆ ಗಾತ್ರದ್ದು. ನಮ್ಮ ಕಡೆಯ ಗುಲಾಬಿ ತೋಟದವರಿಗೆ ಇದನ್ನು ವಿವರಿಸುವುದೇ ಬೇಡ. ರಾತ್ರಿ ಎರಡಕ್ಕೆ ಟೆಂಪೊ ಬರುತ್ತದೆ, ಹತ್ತು ತೋಟದ ಹೂವು ತುಂಬಿಕೊಂಡು ನಾಲ್ಕರ ಹೊತ್ತಿಗೆ ಬೆಂಗಳೂರಿನ ಮಾರುಕಟ್ಟೆಗೆ ಇಳಿಸುತ್ತದೆ. ಬುಟ್ಟಿಗಿಷ್ಟು ಬಾಡಿಗೆ. ನಿಮ್ಮ ಗಿರಾಕಿ ಮಾರುಕಟ್ಟೆಯಲ್ಲಿಲ್ಲ, ಬೆಳಿಗ್ಗೆ ಆರಕ್ಕೆ ಮೈಸೂರಿನ ಮದುವೆ ಮಂಟಪದಲ್ಲಿ ಹೂವು ಬೇಕು ಎಂದರೆ ಟೆಂಪೊ ಆಗದು, ಗಾಡಿ ಮಾಡಿಕೊಂಡು ಹೋಗಬೇಕು. ಬಾಡಿಗೆ ಐದು ಪಟ್ಟು.

ಆಕಾಶದಲ್ಲೂ ಅದೇ ಐದು ಪಟ್ಟು. ಸ್ಪೇಸ್‌ಎಕ್ಸ್ 2019ರಲ್ಲಿ ಪಾಲಿನ ಸವಾರಿಗೆ ದರ ಹಾಕಿದಾಗ 200 ಕೆಜಿಗೆ ಹತ್ತು ಲಕ್ಷ ಡಾಲರ್ ಎಂದಿತು, ಕೆಜಿಗೆ ಐದು ಸಾವಿರ. ಆಮೇಲೆ ದರ ಏರಿದೆ, ಆದರೂ ಟೆಂಪೊ ಟೆಂಪೊವೇ. ಎಲೆಕ್ಟ್ರಾನ್‌ನ ಬೆಲೆಯನ್ನು 300 ಕೆಜಿಗೆ ಹಂಚಿದರೆ ಕೆಜಿಗೆ 25 ಸಾವಿರ ಡಾಲರ್. 2021ರ ಜನವರಿಯಲ್ಲಿ, ಪಾಲಿಗೆಂದೇ ಮೀಸಲಿಟ್ಟ ಮೊದಲ ಸವಾರಿಯಲ್ಲೇ ಸ್ಪೇಸ್‌ಎಕ್ಸ್ 143 ಉಪಗ್ರಹಗಳನ್ನು ಒಯ್ದಿತು. ಈ ವ್ಯಾಪಾರ ನಮಗೆ ಹೊಸದೇನಲ್ಲ. 2017ರ ಫೆಬ್ರುವರಿ 15ರಂದು ನಮ್ಮ ಪಿಎಸ್‌ಎಲ್‌ವಿ ಒಂದೇ ಸಲಕ್ಕೆ 104 ಉಪಗ್ರಹ ಹೊತ್ತಿತ್ತು. ಬೆಂಗಳೂರಿನ ಪಿಕ್ಸೆಲ್ ಕಂಪನಿ 2022ರಲ್ಲಿ ಒಂದು ಉಪಗ್ರಹವನ್ನು ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್ಟಿನಲ್ಲಿ ಕಳುಹಿಸಿತು, ಇನ್ನೊಂದನ್ನು ಪಿಎಸ್‌ಎಲ್‌ವಿಯಲ್ಲಿ. ಪಕ್ಕದ ಊರಿನ ಗಿರಾಕಿಯೂ ಅಭಿಮಾನಕ್ಕಾಗಿ ನಿಮ್ಮ ರಾಕೆಟ್ ಹತ್ತುವುದಿಲ್ಲ. ದರ ನೋಡುತ್ತಾನೆ, ದಿನಾಂಕ ನೋಡುತ್ತಾನೆ.

ಹಾಗಾದರೆ ಸ್ವಂತ ಗಾಡಿಗೆ ಗಿರಾಕಿ ಯಾರು? ಟೆಂಪೊ ಹೋಗದ ಕಕ್ಷೆಗೆ ಹೋಗಬೇಕಾದವರು, ಆರು ತಿಂಗಳು ಕಾಯಲಾಗದವರು, ಒಟ್ಟಾಗಿ ಕೆಲಸ ಮಾಡುವ ಉಪಗ್ರಹಗಳ ಸರಪಳಿಯಲ್ಲಿ ಕೆಟ್ಟ ಒಂದನ್ನು ಕೂಡಲೇ ಬದಲಿಸಬೇಕಾದವರು, ಮತ್ತು ರಕ್ಷಣಾ ಇಲಾಖೆಗಳು. ಕೊನೆಯವರೇ ಮುಖ್ಯ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 52 ಕಣ್ಗಾವಲು ಉಪಗ್ರಹಗಳಿಗೆ ಒಪ್ಪಿಗೆ ಕೊಟ್ಟಿತು, ಅದರಲ್ಲಿ 31ನ್ನು ಕಟ್ಟುವುದು ಖಾಸಗಿಯವರು. ಹೊಸ ಕಂಪನಿಯ ಗ್ರಾಹಕರ ಪುಟದಲ್ಲಿ ಮೊದಲು ಬರಬೇಕಾದದ್ದು ಇಂಥ ಸಾಲು. ಆಗ್ನೇಯ ಏಷ್ಯಾದ ಮಾರುಕಟ್ಟೆ ಶೇಕಡಾ ಇಷ್ಟು ಬೆಳೆಯುತ್ತದೆ ಎಂಬ ಬಣ್ಣದ ಚಿತ್ರ ಆಮೇಲೆ ಬರಲಿ.

ಇದೇ ಗಾತ್ರದಲ್ಲಿ ಇನ್ನೊಬ್ಬ ಎದುರಾಳಿಯೂ ಇದ್ದಾನೆ. ಇಸ್ರೊದ ಎಸ್‌ಎಸ್‌ಎಲ್‌ವಿ 500 ಕೆಜಿಯನ್ನು 500 ಕಿಲೋಮೀಟರ್ ಎತ್ತರಕ್ಕೆ ಒಯ್ಯುವ ರಾಕೆಟ್. ಅದರ ತಂತ್ರಜ್ಞಾನವನ್ನು 2025ರ ಜೂನ್‌ನಲ್ಲಿ 511 ಕೋಟಿ ರೂಪಾಯಿಯ ಬಿಡ್ ಹಾಕಿ ಎಚ್‌ಎಎಲ್ ಗೆದ್ದುಕೊಂಡಿತು. ಅಂದರೆ ನಿಮ್ಮ ಪಕ್ಕದ ಅಂಗಡಿಯಲ್ಲಿ, ಹಾರಿ ತೋರಿಸಿದ ರಾಕೆಟ್ ಇಟ್ಟುಕೊಂಡು, ಸರ್ಕಾರಿ ಬೆನ್ನೆಲುಬಿನ ದೊಡ್ಡ ವ್ಯಾಪಾರಿ ಕೂರಲಿದ್ದಾನೆ. ಅವನಿಗಿಂತ ಅಗ್ಗವಾಗುವ ಆಟ ಬೇಡ. ಅವನಿಗಿಂತ ಬೇಗ ಆಗಬಹುದು.

ದೊಡ್ಡ ರಾಕೆಟ್ಟಿಗೇ ಮೊದಲು ಕೈ ಹಾಕಿದರೆ? ಸ್ಪೇಸ್‌ಎಕ್ಸ್ ಫಾಲ್ಕನ್ 1ನ್ನು ಐದೇ ಹಾರಾಟಕ್ಕೆ ಬಿಟ್ಟು ಫಾಲ್ಕನ್ 9ಕ್ಕೆ ಹೋಯಿತು. ರಿಲೇಟಿವಿಟಿ ಕಂಪನಿ ಟೆರಾನ್ 1ನ್ನು 2023ರ ಮಾರ್ಚ್‌ನಲ್ಲಿ ಒಂದೇ ಸಲ ಹಾರಿಸಿ, ಅದು ಕಕ್ಷೆ ಮುಟ್ಟದಿದ್ದರೂ ಮುಚ್ಚಿಟ್ಟು ದೊಡ್ಡದರ ಕಡೆ ತಿರುಗಿತು. ರಾಕೆಟ್ ಲ್ಯಾಬ್ ಕೂಡ 13 ಟನ್ ಹೊರುವ ನ್ಯೂಟ್ರಾನ್ ಕಟ್ಟುತ್ತಿದೆ. ಸಣ್ಣದರಲ್ಲಿ ಶುರುಮಾಡಿದವರೆಲ್ಲ ದೊಡ್ಡದರ ಕಡೆ ಹೊರಟಿದ್ದಾರೆ, ನಿಜ. ಆದರೆ ನಮ್ಮಲ್ಲಿ ಆ ಮಟ್ಟದ ಹಣ ಮೊದಲ ದಿನ ಸಿಗುವುದಿಲ್ಲ. ನನ್ನ ಮಾತು ಇಷ್ಟೇ: ಸಣ್ಣ ರಾಕೆಟ್ ಮಾಡಿ, ಆದರೆ ಎಂಜಿನ್ನನ್ನು ದೊಡ್ಡದಕ್ಕೂ ಆಗುವಂತೆ ಆರಿಸಿ. ಫಾಲ್ಕನ್ 1 ನಿಂತುಹೋಯಿತು, ಅದರ ಮರ್ಲಿನ್ ಎಂಜಿನ್ ಬೆಳೆದು ಒಂಬತ್ತರ ಗೊಂಚಲಾಗಿ ಫಾಲ್ಕನ್ 9ರಲ್ಲಿ ಕೂತಿತು. ಎಲೆಕ್ಟ್ರಾನ್‌ನ ಕೆಳ ಹಂತದಲ್ಲಿ ಒಂಬತ್ತು, ಮೇಲೆ ಅದೇ ಜಾತಿಯ ಒಂದು. ವರ್ಷಕ್ಕೆ ನಾಲ್ಕೇ ರಾಕೆಟ್ ಹಾರಿದರೂ ನಲವತ್ತು ಎಂಜಿನ್ ಆಯಿತು. ನಲವತ್ತು ಎಂದರೆ ಶೆಡ್ಡಿನವನ ಕಿವಿ ನಿಮಿರುತ್ತದೆ. ನಾಲ್ಕಕ್ಕೆ ಪ್ರತಿ ಸಲ ಹೊಸದಾಗಿ, ಭಾಗವನ್ನು ಯಂತ್ರದಲ್ಲಿ ಹಿಡಿದಿಡುವ ಫಿಕ್ಸ್ಚರ್ ಕೂರಿಸಬೇಕು. ನಲವತ್ತಕ್ಕೆ ಒಮ್ಮೆ ಕೂರಿಸಿದರೆ ಆಯಿತು, ಐದನೆಯದರ ಹೊತ್ತಿಗೆ ಹುಡುಗರ ಕೈಯೂ ಕುದುರಿರುತ್ತದೆ.

ಘನವೋ, ದ್ರವವೋ

ನಮ್ಮ ದೇಶದ ಎರಡು ಕಂಪನಿಗಳು ಇಲ್ಲಿ ಎರಡು ದಾರಿ ಹಿಡಿದಿವೆ, ಅಕ್ಕಪಕ್ಕ ಇಟ್ಟು ನೋಡಲು ಅನುಕೂಲವಾಗಿದೆ. ಹೈದರಾಬಾದಿನ ಸ್ಕೈರೂಟ್ 2022ರ ನವೆಂಬರ್ 18ರಂದು ಶ್ರೀಹರಿಕೋಟಾದಿಂದ ವಿಕ್ರಮ್-ಎಸ್ ಹಾರಿಸಿತು. ಆರು ಮೀಟರ್ ಉದ್ದದ, ಒಂದೇ ಹಂತದ, ಘನ ಇಂಧನದ ರಾಕೆಟ್. 89.5 ಕಿಲೋಮೀಟರ್ ಎತ್ತರ ಮುಟ್ಟಿ ಸಮುದ್ರಕ್ಕೆ ಬಿತ್ತು. ಅವರ ವಿಕ್ರಮ್-1ರಲ್ಲಿ ಮೂರು ಹಂತ ಘನ, ಕೊನೆಯ ಪುಟ್ಟ ಹಂತ ಮಾತ್ರ ದ್ರವ. ಚೆನ್ನೈನ ಅಗ್ನಿಕುಲ್, ಐಐಟಿ ಮದ್ರಾಸಿನ ಅಂಗಳದಲ್ಲಿ ಹುಟ್ಟಿದ್ದು, ಸೀಮೆಎಣ್ಣೆಯ ಜಾತಿಯ ಇಂಧನ ಮತ್ತು ದ್ರವ ಆಮ್ಲಜನಕದ ದಾರಿ ಹಿಡಿಯಿತು. 2024ರ ಮೇ 30ರಂದು ಅವರ ಪರೀಕ್ಷಾ ರಾಕೆಟ್ ಹಾರಿತು. ಅದಕ್ಕೂ ಮೊದಲು ನಾಲ್ಕು ಸಲ ಮುಂದೂಡಿದ್ದರು. ಎರಡೂ ಕಕ್ಷೆಗೆ ಹೊರಟ ಹಾರಾಟಗಳಲ್ಲ.

ಆ ನಾಲ್ಕು ಮುಂದೂಡಿಕೆಯಲ್ಲೇ ದ್ರವದ ಗುಣವೂ ದೋಷವೂ ಇದೆ. ಕವಾಟ, ಪಂಪು, ಕೊಳವೆ, ಸಂವೇದಕಗಳಲ್ಲಿ ಯಾವುದಾದರೂ ಒಂದು ಉಡಾವಣೆಯ ಕೊನೆಯ ಕ್ಷಣಗಳ ಎಣಿಕೆಯಲ್ಲಿ ಒಲ್ಲೆ ಎನ್ನುತ್ತದೆ. ಆದರೆ ಒಲ್ಲೆ ಎಂದಾಗ ನಿಲ್ಲಿಸಬಹುದು, ಇಂಧನ ಇಳಿಸಬಹುದು, ಸರಿಮಾಡಿ ಮತ್ತೆ ಬರಬಹುದು. ಅದಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ದ್ರವ ಎಂಜಿನ್ನನ್ನು ನೆಲದ ಮೇಲೆ ಕಟ್ಟಿ ಹತ್ತು ಸಲ ಉರಿಸಿ, ಅದೇ ಎಂಜಿನ್ನನ್ನು ರಾಕೆಟ್ಟಿಗೆ ಹಾಕಬಹುದು. ಘನದ ಮೋಟಾರನ್ನು ಪರೀಕ್ಷಿಸಿದರೆ ಅದು ಮುಗಿಯಿತು, ಹಾರುವುದು ಅದರ ಅಣ್ಣನೋ ತಮ್ಮನೋ. ಬೆಂಕಿಕಡ್ಡಿ ಚೆನ್ನಾಗಿದೆಯೇ ಎಂದು ಗೀರಿ ನೋಡಿದ ಹಾಗೆ. ಹೊತ್ತಿಸಿದ ಮೇಲೆ ಆರಿಸುವಂತೆಯೂ ಇಲ್ಲ.

ಘನದ ಪರವಾಗಿ ಹೇಳಬೇಕಾದದ್ದೂ ಇದೆ. ಚಲಿಸುವ ಭಾಗಗಳು ಕಡಿಮೆ. ತುಂಬಿಟ್ಟರೆ ತಿಂಗಳುಗಟ್ಟಲೆ ಸಿದ್ಧವಾಗಿರುತ್ತದೆ, ಬೇಗ ಬೇಕು ಎನ್ನುವ ರಕ್ಷಣಾ ಗಿರಾಕಿಗೆ ಇದಕ್ಕಿಂತ ಒಳ್ಳೆಯದಿಲ್ಲ. ನಮ್ಮ ದೇಶದಲ್ಲಿ ಘನ ಇಂಧನದ ಅನುಭವ ದಶಕಗಳದ್ದು, ನಿವೃತ್ತರಾದ ಹಿರಿಯರು ಸಿಗುತ್ತಾರೆ. ವೆಚ್ಚದ ಮಾತಿಗೆ ಬಂದರೆ, ಸ್ಫೋಟಕ ಪರವಾನಗಿ, ದೂರದೂರದ ಕಟ್ಟಡಗಳು, ಸಾಗಣೆಗೆ ಕಾವಲು ಇವೆಲ್ಲ ಬೇಕು. ನನ್ನ ಶೆಡ್ಡಿನ ಪಕ್ಕದ ಗಲ್ಲಿಯಲ್ಲಿ ಅದನ್ನು ಮಾಡಲಾಗದು. ಸರಳ ಎಂದು ಘನವನ್ನು ಆರಿಸುವವರು ಎಸ್‌ಎಸ್‌ಎಲ್‌ವಿಯ ಮೊದಲ ಹಾರಾಟವನ್ನೂ ನೆನಪಿಡಬೇಕು. 2022ರ ಆಗಸ್ಟ್ 7ರಂದು ಮೂರೂ ಘನ ಹಂತಗಳು ಸರಿಯಾಗಿಯೇ ಉರಿದವು. ಎರಡನೇ ಹಂತ ಬಿಡಿಸಿಕೊಳ್ಳುವಾಗಿನ ಕ್ಷಣಿಕ ಕಂಪನಕ್ಕೆ ವೇಗವರ್ಧನೆ ಅಳೆಯುವ ಸಂವೇದಕಗಳು ತಬ್ಬಿಬ್ಬಾದವು, ಗಣಕ ಅವನ್ನು ಕೆಟ್ಟಿವೆ ಎಂದು ತಿಳಿದುಕೊಂಡಿತು, ಉಪಗ್ರಹಗಳು ತಪ್ಪು ಕಕ್ಷೆಗೆ ಬಿದ್ದವು. ಆರು ತಿಂಗಳಲ್ಲಿ, 2023ರ ಫೆಬ್ರುವರಿ 10ರಂದು, ಅದೇ ರಾಕೆಟ್ ತಿದ್ದಿಕೊಂಡು ಹಾರಿ ಗೆದ್ದಿತು.

ಅಕ್ಕನ ಮಗಳು ದ್ರವದವಳು. ನಾನು ಆಯ್ಕೆ ಮಾಡುವುದಾದರೂ ದ್ರವವೇ, ಮುಂದೆ ದೊಡ್ಡದಕ್ಕೆ ಬೆಳೆಯುವ ದಾರಿ ಅಲ್ಲಿದೆ. ಆದರೆ ಕೈಯಲ್ಲಿರುವ ಹಣಕ್ಕೆ ಬೇಗ ಒಂದು ಹಾರಾಟ ತೋರಿಸಿ ಮುಂದಿನ ಹೂಡಿಕೆ ತರಬೇಕಾದ ಕಂಪನಿಗೆ ಘನವೇ ಜಾಣತನ. ವಿಕ್ರಮ್-ಎಸ್‌ನಂಥ ಪುಟ್ಟ ಹಾರಾಟದ ಬೆಲೆ ಎತ್ತರದಲ್ಲಿಲ್ಲ, ಅನುಮತಿಯಿಂದ ಹಿಡಿದು ಎಣಿಕೆಯವರೆಗೆ ಇಡೀ ಕೆಲಸವನ್ನು ಒಮ್ಮೆ ಮಾಡಿ ಮುಗಿಸಿದ್ದರಲ್ಲಿದೆ.

ಒಳಗೆ ಮಾಡುವುದೋ, ಹೊರಗೆ ಕೊಡುವುದೋ

ಇಲ್ಲಿ ನಾನು ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದೆ ಒಂದು ಇಂಜೆಕ್ಟರ್ ತಟ್ಟೆಯ ಕೆಲಸ ಬಂತು. ಅಂಗೈ ಅಗಲದ ಸ್ಟೇನ್‌ಲೆಸ್ ತಟ್ಟೆ, ಅದರಲ್ಲಿ 0.6 ಮಿಲಿಮೀಟರ್‌ನ ಇನ್ನೂರಕ್ಕೂ ಹೆಚ್ಚು ರಂಧ್ರ, ಎಲ್ಲವೂ ಓರೆ. ಇಂಧನ ಈ ತೂತುಗಳಿಂದ ಚಿಮ್ಮಿ ಆಮ್ಲಜನಕದ ಜೊತೆ ಬೆರೆಯಬೇಕು. ಅಷ್ಟು ಸಣ್ಣ ಡ್ರಿಲ್ಲು ಸ್ವಲ್ಪ ಇಳಿದು, ಮೇಲೆದ್ದು, ಚೂರು ಉದುರಿಸಿ, ಮತ್ತೆ ಇಳಿಯಬೇಕು. ಅವಸರಪಟ್ಟರೆ ಟಿಕ್ ಎನ್ನುತ್ತದೆ. ಮೊದಲ ತಟ್ಟೆಯಲ್ಲಿ ನೂರ ಎಂಬತ್ತಕ್ಕೂ ಮೇಲೆ ಕೊರೆದಾದ ಮೇಲೆ ಟಿಕ್ ಎಂದಿತು. ಮುರಿದ ತುದಿ ಒಳಗೇ ಉಳಿಯಿತು, ತಟ್ಟೆ ಗುಜರಿಗೆ. ಎರಡನೆಯದು ಚೆನ್ನಾಗಿ ಬಂತು. ಗಿರಾಕಿಯ ಇನ್‌ಸ್ಪೆಕ್ಟರ್ ಕಣ್ಣಿಗೆ ಮಸೂರ ಹಿಡಿದು ಒಂದು ತೂತಿನ ಹಿಂಬದಿಯಲ್ಲಿ ಕೂದಲೆಳೆಯಂಥ ಲೋಹದ ಅಂಚು ತೋರಿಸಿದರು. ನಾವು ಬರ್ ಎನ್ನುವುದು ಅದಕ್ಕೇ. ಬೈಕಿನ ಭಾಗವಾದರೆ ಬೆರಳಲ್ಲಿ ಸವರಿ ಮುಂದೆ ಕಳುಹಿಸುತ್ತಿದ್ದೆವು. ಆ ದಿನ ಇಡೀ ತಟ್ಟೆ ವಾಪಸ್ಸು.

ಕೋಪ ಬಂದಿತ್ತು. ಆಮೇಲೆ ವರ್ಜಿನ್ ಆರ್ಬಿಟ್ ಸೋಲಿನ ಕಾರಣ ಓದಿದೆ. ಇಂಧನದ ದಾರಿಯಲ್ಲಿದ್ದ ಒಂದು ಸೋಸುವ ಜಾಲರಿ ಜಾಗ ಬಿಟ್ಟು ಕದಲಿತ್ತು. ನೂರು ಡಾಲರ್ ಬೆಲೆಯ ಭಾಗ ಎಂದು ಅವರ ಮುಖ್ಯಸ್ಥರೇ ಹೇಳಿದರು. ಆ ಇನ್‌ಸ್ಪೆಕ್ಟರಿಗೆ ಫೋನು ಮಾಡಿ ಕಾಫಿಗೆ ಕರೆದೆ.

ಹೊರಗೆ ಕೊಡುವುದರ ಲಾಭ ನಿಮ್ಮ ನಿಗದಿತ ಖರ್ಚು ಕಡಿಮೆಯಾಗುವುದು. ಯಂತ್ರದ ಕಂತು ನನ್ನದು, ನಿಮ್ಮ ಕೆಲಸವಿಲ್ಲದ ದಿನ ಬೈಕಿನ ಭಾಗ ಮಾಡುತ್ತೇನೆ. ಹೊಸೂರು, ಬೆಂಗಳೂರಿನ ಪೀಣ್ಯ, ಕೊಯಮತ್ತೂರುಗಳಲ್ಲಿ ಇಂಥ ಶೆಡ್ಡುಗಳು ಇರುವುದೇ ಭಾರತದಲ್ಲಿ ರಾಕೆಟ್ ಅಗ್ಗವಾಗಲು ಅರ್ಧ ಕಾರಣ. ನಷ್ಟವೆಂದರೆ ತಿದ್ದುಪಡಿ ನಿಧಾನ. ಬೆಳಿಗ್ಗೆ ಡ್ರಾಯಿಂಗ್ ಬದಲಿಸಿ ಸಂಜೆ ಭಾಗ ಕೈಗೆ ಬೇಕು ಎಂದರೆ ಅದು ನಿಮ್ಮದೇ ಛಾವಣಿಯಡಿ ಇರಬೇಕು. ಅಗ್ನಿಕುಲ್ ತನ್ನ ಎಂಜಿನ್ನನ್ನು ಜೋಡಣೆಯೇ ಇಲ್ಲದ ಒಂದೇ ತುಂಡಾಗಿ 3ಡಿ ಮುದ್ರಣದಲ್ಲಿ ತೆಗೆಯುತ್ತದೆ. ನನ್ನ ಇನ್ನೂರು ತೂತಿನ ತಟ್ಟೆ ಅಲ್ಲಿ ಬೇಕಾಗಿಯೇ ಇಲ್ಲ. ಆ ಸುದ್ದಿ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಹುಡುಗನೊಬ್ಬ ಸಮಾಧಾನ ಹೇಳಿದ: ಮುದ್ರಿಸಿದ ಭಾಗದ ಮುಖವನ್ನೂ ಕೊನೆಗೆ ಯಂತ್ರದಲ್ಲಿ ಸಮತಟ್ಟು ಮಾಡಲೇಬೇಕಲ್ಲ ಸಾರ್.

ನನ್ನ ಸಲಹೆ: ಎಂಜಿನ್, ಗಣಕದ ತಂತ್ರಾಂಶ ಮತ್ತು ಕೊನೆಯ ಜೋಡಣೆಯನ್ನು ಒಳಗಿಟ್ಟುಕೊಳ್ಳಿ. ಉಳಿದದ್ದನ್ನು ಹೊರಗೆ ಕೊಡಿ. ಕೊಟ್ಟ ಮೇಲೆ ಹಣವನ್ನೂ ಕೊಡಿ. ಒಂದು ಕಂಪನಿ, ಹೆಸರು ಬೇಡ, ನನ್ನ ಬಿಲ್ಲನ್ನು ಏಳು ತಿಂಗಳು ಇಟ್ಟುಕೊಂಡಿತ್ತು. ಕೇಳಿದಾಗಲೆಲ್ಲ "ಮುಂದಿನ ಸುತ್ತಿನ ಹೂಡಿಕೆ ಬರಲಿ" ಎನ್ನುತ್ತಿದ್ದರು. ಅವರ ಮುಂದಿನ ಡ್ರಾಯಿಂಗ್ ಬಂದಾಗ ನನ್ನ ಯಂತ್ರಗಳೆಲ್ಲ ಅದ್ಭುತವಾಗಿ ಬಿಡುವಿಲ್ಲದಂತಾದವು. ಸಣ್ಣ ಉದ್ಯಮಗಳಿಗೆ ತಡವೆಂದರೆ 45 ದಿನದೊಳಗೆ ಪಾವತಿಸಬೇಕು ಎಂದು ಕಾನೂನಿದೆ. 2024ರಿಂದ ಆದಾಯ ತೆರಿಗೆಯಲ್ಲೂ ಅದಕ್ಕೆ ಹಲ್ಲು ಬಂದಿದೆ: ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು, ಕೊಡುವ ತನಕ, ಖರ್ಚೆಂದು ತೋರಿಸುವಂತಿಲ್ಲ.

ತೆರಿಗೆಯ ಮಾತು ಬಂದದ್ದರಿಂದ ಇನ್ನೊಂದು. 2023ರ ಜುಲೈನಲ್ಲಿ ಖಾಸಗಿಯವರ ಉಪಗ್ರಹ ಉಡಾವಣಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ವಿನಾಯಿತಿ ಇರುವ ಸೇವೆಗೆ ಕೊಂಡ ಸಾಮಾನಿನ ತೆರಿಗೆಯನ್ನು ಸಾಮಾನ್ಯವಾಗಿ ವಾಪಸ್ಸು ಹೊಂದಿಸಿಕೊಳ್ಳಲಾಗದು. ದೇಶದೊಳಗಿನ ಗಿರಾಕಿಗೆ ಹಾರಿಸಿದರೆ ನನ್ನ ಬಿಲ್ಲಿನ ಮೇಲಿನ ಜಿಎಸ್‌ಟಿ ನಿಮ್ಮ ಅಸಲಿಗೇ ಸೇರುತ್ತದೆ. ವಿದೇಶಿ ಗಿರಾಕಿಯಾದರೆ ರಫ್ತಿನ ನಿಯಮ ಬೇರೆ. ಬೆಲೆ ಕಟ್ಟುವ ಮೊದಲು ಆಡಿಟರ್ ಹತ್ತಿರ ಅರ್ಧ ದಿನ ಕೂರಿ.

ಎಲ್ಲಿಂದ ಹಾರಿಸುವುದು

ಇದರಲ್ಲಿ ಹೆಚ್ಚು ಯೋಚಿಸುವಂಥದ್ದಿಲ್ಲ. ಶ್ರೀಹರಿಕೋಟಾದಿಂದ ಧ್ರುವದ ಕಡೆಯ ಕಕ್ಷೆಗೆ ಹೋಗಬೇಕಾದರೆ ಶ್ರೀಲಂಕಾವನ್ನು ಬಳಸಿಕೊಂಡು ಹೋಗಬೇಕು. ದೊಡ್ಡ ರಾಕೆಟ್ ಆ ಸುತ್ತನ್ನು ತಡೆದುಕೊಳ್ಳುತ್ತದೆ, ಸಣ್ಣದಕ್ಕೆ ಹೊರುವ ಭಾರವೇ ಕರಗಿಹೋಗುತ್ತದೆ. ತೂತ್ತುಕುಡಿ ಜಿಲ್ಲೆಯ ಕುಲಶೇಖರಪಟ್ಟಣದಿಂದ ನೇರ ದಕ್ಷಿಣಕ್ಕೆ ಬರೀ ಸಮುದ್ರ. ಅಲ್ಲಿನ ಹೊಸ ಉಡಾವಣಾ ಕೇಂದ್ರಕ್ಕೆ 2024ರ ಫೆಬ್ರುವರಿ 28ರಂದು ಅಡಿಗಲ್ಲು ಬಿತ್ತು. ಸಣ್ಣ ರಾಕೆಟ್ಟಿನವರು ವ್ಯವಹಾರದ ಲೆಕ್ಕವನ್ನು ಅದರ ಮೇಲೆ ಹಾಕಲಿ, ಆದರೆ ಮೊದಲ ಹಾರಾಟಗಳನ್ನು ಶ್ರೀಹರಿಕೋಟಾದಲ್ಲಿ ಮುಗಿಸಲಿ. ಸ್ವಂತ ಲಾಂಚ್‌ಪ್ಯಾಡ್ ಬೇಕೇ ಎಂದರೆ, ಅಗ್ನಿಕುಲ್ ಶ್ರೀಹರಿಕೋಟಾದಲ್ಲೇ ತನ್ನದನ್ನು ಕಟ್ಟಿಕೊಂಡಿತು, ಸ್ಕೈರೂಟ್ ವಾತಾವರಣ ಅಧ್ಯಯನದ ಪುಟ್ಟ ಸೌಂಡಿಂಗ್ ರಾಕೆಟ್ಟುಗಳಿಗೆಂದು ಇದ್ದ ಇಸ್ರೊ ವೇದಿಕೆಯಿಂದ ಹಾರಿಸಿತು. ದ್ರವದವರಿಗೆ ತಮ್ಮದೇ ಕೊಳವೆ, ಟ್ಯಾಂಕು ಬೇಕಾಗುವುದರಿಂದ ಸ್ವಂತದ್ದೇ ಸರಿ.

ಕಾರ್ಖಾನೆ ಎಲ್ಲಿ ಎಂಬುದಕ್ಕೆ ಗಡಿಯವರಾದ ನಮಗೆ ಒಂದು ಮೋಜಿದೆ. ತಮಿಳುನಾಡು 2025ರಲ್ಲಿ ಬಾಹ್ಯಾಕಾಶ ಉದ್ಯಮ ನೀತಿ ತಂದಿತು, ಆಂಧ್ರ ಲೇಪಾಕ್ಷಿ ಮತ್ತು ತಿರುಪತಿಯಲ್ಲಿ ಬಾಹ್ಯಾಕಾಶ ನಗರ ಎನ್ನುತ್ತಿದೆ, ಕರ್ನಾಟಕದಲ್ಲಿ ಇಸ್ರೊದ ಕೇಂದ್ರ ಕಚೇರಿಯೇ ಇದೆ. ಅತ್ತಿಬೆಲೆ ದಾಟಿದರೆ ಒಂದು ಸರ್ಕಾರದ ಸಹಾಯಧನ, ಹಿಂದೂಪುರದ ಕಡೆ ಹೋದರೆ ಇನ್ನೊಂದರದ್ದು. ಸಹಾಯಧನ ನೋಡಿ ಊರು ಆರಿಸಬೇಡಿ, ರಾತ್ರಿ ಹತ್ತಕ್ಕೆ ಫೋನು ಮಾಡಿದರೆ ಟೂಲ್ ತಂದುಕೊಡುವ ಅಂಗಡಿ ಯಾವ ಊರಿನಲ್ಲಿದೆಯೋ ಅಲ್ಲಿರಿ.

ಮರುಬಳಕೆ

ಮೊದಲ ದಿನ ಬೇಡ. ಸ್ಪೇಸ್‌ಎಕ್ಸ್ 2015ರ ಡಿಸೆಂಬರ್‌ನಲ್ಲಿ ರಾಕೆಟ್ ಇಳಿಸಿತು, 2017ರಲ್ಲಿ ಬಳಸಿದ್ದನ್ನು ಮತ್ತೆ ಹಾರಿಸಿತು. ಅಷ್ಟರಲ್ಲಿ ಫಾಲ್ಕನ್ 9 ಹಾರಲು ಶುರುವಾಗಿ ವರ್ಷಗಳಾಗಿದ್ದವು. ಇಳಿಸಲು ಉಳಿಸಿಕೊಳ್ಳುವ ಇಂಧನದ ಭಾರ ಸಣ್ಣ ರಾಕೆಟ್ಟಿನ ಹೊರೆಯನ್ನೇ ನುಂಗುತ್ತದೆ. ವರ್ಷಕ್ಕೆ ನಾಲ್ಕು ಹಾರಿಸುವವನು ರಾಕೆಟ್ ವಾಪಸ್ಸು ತಂದರೆ ಕಾರ್ಖಾನೆಗೇ ಕೆಲಸವಿಲ್ಲ. ರಾಕೆಟ್ ಲ್ಯಾಬ್‌ನ ಮುಖ್ಯಸ್ಥ ಪೀಟರ್ ಬೆಕ್ "ಮರುಬಳಕೆ ಮಾಡಿದರೆ ನನ್ನ ಟೋಪಿ ತಿನ್ನುತ್ತೇನೆ" ಎಂದಿದ್ದರು. 2019ರಲ್ಲಿ ಮನಸ್ಸು ಬದಲಿಸಿದರು, 2021ರಲ್ಲಿ ವಿಡಿಯೊದಲ್ಲಿ ಟೋಪಿ ತಿಂದೂ ತೋರಿಸಿದರು. ಅದು ಎಲೆಕ್ಟ್ರಾನ್ ಹಾರಾಟ ರೂಢಿಯಾದ ಮೇಲಿನ ಮಾತು.

ಯಾರ ಹಣ, ಎಷ್ಟು ಸೋಲಿಗೆ ಸಾಕು

ಫಾಲ್ಕನ್ 1 ಮೂರು ಸಲ ಸೋತು 2008ರ ಸೆಪ್ಟೆಂಬರ್ 28ರಂದು ನಾಲ್ಕನೆಯದರಲ್ಲಿ ಗೆದ್ದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಾಸಾ ಹನ್ನೆರಡು ಸರಕು ಸಾಗಣೆಗೆ 160 ಕೋಟಿ ಡಾಲರ್‌ನ ಗುತ್ತಿಗೆ ಕೊಟ್ಟಿತು. ಸರ್ಕಾರ ಅಲ್ಲಿ ಕೊಟ್ಟದ್ದು ದಾನವಲ್ಲ, ಸಂಖ್ಯೆ. ಹನ್ನೆರಡು ಸಲ ಹಾರಿಸು, ಹಣ ಸಿಗುತ್ತದೆ ಎಂಬ ಮಾತು.

ನಮ್ಮಲ್ಲಿ ಖಾಸಗಿ ಬಾಹ್ಯಾಕಾಶ ಕಂಪನಿಗಳಿಗೆ ಅನುಮತಿ ಕೊಡುವ ಕೇಂದ್ರ ಸಂಸ್ಥೆ ಇನ್-ಸ್ಪೇಸ್ 2020ರಲ್ಲಿ ಬಂತು, ಇಸ್ರೊದ ಪರೀಕ್ಷಾ ಅಂಗಳಗಳು ಖಾಸಗಿಯವರಿಗೆ ತೆರೆದವು. ಇದು ದೊಡ್ಡ ಉಳಿತಾಯ, ಕೋಟಿಗಟ್ಟಲೆಯ ಪರೀಕ್ಷಾ ವ್ಯವಸ್ಥೆಯನ್ನು ಬಾಡಿಗೆಗೆ ಪಡೆಯಬಹುದು. ಬಾಹ್ಯಾಕಾಶ ಕಂಪನಿಗಳಿಗಾಗಿ ಸಾವಿರ ಕೋಟಿ ರೂಪಾಯಿಯ ಹೂಡಿಕೆ ನಿಧಿಗೆ 2024ರ ಅಕ್ಟೋಬರ್‌ನಲ್ಲಿ ಸಂಪುಟ ಒಪ್ಪಿತು. ವಿದೇಶಿ ಹಣಕ್ಕೆ 2024ರ ನಿಯಮ ಹೀಗಿದೆ: ರಾಕೆಟ್ ಕಂಪನಿಯಲ್ಲಿ ಶೇ. 49ರವರೆಗೆ ನೇರವಾಗಿ, ಉಪಗ್ರಹ ಮಾಡುವವರಿಗೆ ಶೇ. 74, ಬಿಡಿಭಾಗ ಮಾಡುವವರಿಗೆ ಪೂರ್ತಿ 100. ಅದಕ್ಕೂ ಮೇಲೆ ಬೇಕಾದರೆ ಸರ್ಕಾರದ ಅನುಮತಿ. ಒಂದೇ ವಿದೇಶಿ ಹೂಡಿಕೆದಾರನ ಮೇಲೆ ಕಣ್ಣಿಟ್ಟವರು ಈ 49ನ್ನು ಮೊದಲೇ ಗೋಡೆಗೆ ಅಂಟಿಸಿಕೊಳ್ಳಲಿ.

ಎಷ್ಟು ಹಣ ಬೇಕು ಎಂದರೆ ನನ್ನ ಅಳತೆ ಒಂದೇ. ಮೊದಲ ಮೂರು ಹಾರಾಟ ಸೋತರೂ ನಾಲ್ಕನೆಯದನ್ನು ಕಟ್ಟಲು ಆಗುವಷ್ಟು. ಅಷ್ಟಿಲ್ಲದಿದ್ದರೆ ಚಿಕ್ಕ ರಾಕೆಟ್ ಮಾಡಿ. ಅದಕ್ಕೂ ಇಲ್ಲದಿದ್ದರೆ ಮುಂದಿನದನ್ನು ಓದಿ.

ರಾಕೆಟ್ಟೇ ಮಾಡದಿದ್ದರೆ

ಈ ದಾರಿ ಹೇಳಿದಾಗ ಅಕ್ಕನ ಮಗಳ ಮುಖ ಸಪ್ಪಗಾಯಿತು. ಆದರೂ ಹೇಳುತ್ತೇನೆ. ರಾಕೆಟ್ ಲ್ಯಾಬ್‌ನ ಹೆಸರಲ್ಲೇ ರಾಕೆಟ್ ಇದೆ, ಆದರೆ ಆದಾಯದ ಅರ್ಧಕ್ಕಿಂತ ಹೆಚ್ಚು ಬರುವುದು ಉಪಗ್ರಹ ಮತ್ತು ಅದರ ಭಾಗಗಳಿಂದ. 2020ರಲ್ಲಿ ಉಪಗ್ರಹದ ದಿಕ್ಕು ತಿರುಗಿಸುವ ಸಾಧನ ಮಾಡುವ ಕಂಪನಿ ಕೊಂಡರು, 2022ರಲ್ಲಿ ಸೌರಫಲಕ ಮಾಡುವವರನ್ನು. ಯಾರ ರಾಕೆಟ್ ಹಾರಿದರೂ ಅವರ ಪೆಟ್ಟಿಗೆಗೆ ಕಾಸು ಬೀಳುತ್ತದೆ. ಬೆಂಗಳೂರಿನ ಬೆಲಾಟ್ರಿಕ್ಸ್ ಉಪಗ್ರಹದ ಪುಟ್ಟ ನೂಕುಯಂತ್ರಗಳನ್ನು ಮಾಡುತ್ತದೆ. ನಿಮ್ಮ ಎಂಜಿನ್‌ಗೆಂದು ಮಾಡಿದ ಕವಾಟ, ಪಂಪು, ಗಣಕದ ಪೆಟ್ಟಿಗೆಗಳನ್ನು ಬೇರೆಯವರಿಗೂ ಮಾರಬಹುದು. ಎರಡು ಹಾರಾಟಗಳ ನಡುವಿನ ತಿಂಗಳಲ್ಲಿ ಸಂಬಳ ಕೊಡುವುದು ಅದೇ.

"ಎರಡು ದೋಣಿಯ ಮೇಲೆ ಕಾಲಿಟ್ಟಂತೆ ಆಗುವುದಿಲ್ಲವೇ ಮಾವ?" ಎಂದಳು. ಆಗಬಹುದು. ನಾನು ಬೈಕಿನ ಭಾಗವನ್ನೂ ರಾಕೆಟ್ಟಿನ ಭಾಗವನ್ನೂ ಒಂದೇ ಶೆಡ್ಡಿನಲ್ಲಿ ಮಾಡುತ್ತೇನೆ. ಬೈಕಿನದು ಇಲ್ಲದಿದ್ದರೆ ಆ ಗುಜರಿಗೆ ಹೋದ ತಟ್ಟೆಯ ದಿನವೇ ಬಾಗಿಲು ಹಾಕುತ್ತಿದ್ದೆ.

ಹದಿನೈದು ದಿನದ ಮೇಲೆ ಅವಳ ಇಮೇಲ್ ಬಂತು. ಒಂದು ಕವಾಟದ ಒಡಲಿನ ಡ್ರಾಯಿಂಗ್, ದರ ಕೇಳಿ. ಸಂಖ್ಯೆಯ ಜಾಗದಲ್ಲಿ 2 ಎಂದಿತ್ತು. ಎರಡಕ್ಕೊಂದು, ಇಪ್ಪತ್ತಕ್ಕೊಂದು, ಅರವತ್ತಕ್ಕೊಂದು ದರ ಬರೆದು, ಪಾವತಿ 45 ದಿನ ಎಂದು ಕೆಳಗೆ ಗೆರೆ ಎಳೆದು ಕಳುಹಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಅಕ್ಕನಿಗೆ ಫೋನು ಮಾಡಿದರೆ, ಮೂವರೂ ಮನೆಯ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಇಪ್ಪತ್ತರ ಸಾಲನ್ನೇ ನೋಡುತ್ತಾ ಕೂತಿದ್ದಾರೆ ಎಂದಳು.